ಚೀಟಿಯಲ್ಲಿ ಬಿಟ್ಟುಹೋದ ಉಪಮೆ

ಉಪಮಾಲಂಕಾರಕ್ಕೆ ಅಂಗಗಳು ನಾಲ್ಕು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗಡಗಡ ಒಪ್ಪಿಸುತ್ತಿದ್ದೆ. ಉದಾಹರಣೆಗೆ ಚಂದ್ರನಂಥ ಮುಖವೊಂದು ಸದಾ ಸಿದ್ಧವಿರುತ್ತಿತ್ತು. ಅರವತ್ತರ ದಶಕದ ಮೊದಲಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಅರಕಲಗೂಡಿನ ಆಸ್ಪತ್ರೆಯಲ್ಲಿ ಚೀಟಿ ಬರೆಯಲು ಕೂತಾಗ ಆ ಜಂಬವೂ ನನ್ನ ಜೊತೆಗೇ ಬಂತು. ರೋಗಿಯ ಹೆಸರು, ಊರು, ಏನು ತೊಂದರೆ, ಇಷ್ಟನ್ನು ಬರೆದು ಡಾಕ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ.

ಒಂದು ಸಂತೆಯ ದಿನ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳ್ಳಿಯ ಹೆಂಗಸೊಬ್ಬಳು ಹದಿನಾರರ ಮಗಳನ್ನು ತಬ್ಬಿ ಹಿಡಿದುಕೊಂಡು ಬಂದಳು.

"ಏನಾಗಿದೆಯಮ್ಮ?"

"ನಿನ್ನೆ ಇವಳ ಒಕ್ಕಳ ಸುತ್ತ ರಾಗಿಕಲ್ಲು ತಿರುಗ್ದಂಗೆ ನೋವು ಸುತ್ತಾಡ್ತಿತ್ತು ಕಣವ್ವ. ಬೆಳಗ್ಗಿಂದ ಬಲಗಡೆ ಕೆಳಕ್ಕಿಳಿದು, ದನ ಕಟ್ಟೋ ಗೂಟ ಹೊಡ್ದಂಗೆ ಒಂದೇ ಕಡೆ ನಿಂತ್ಬುಟ್ಟದೆ."

ನನಗೆ ರೇಗಿತು. "ಕತೆ ಬೇಡಮ್ಮ, ಹೊಟ್ಟೆನೋವು ತಾನೆ?" ಎಂದು ಅಷ್ಟನ್ನೇ ಗೀಚಿ, ಇಬ್ಬರನ್ನೂ ಬೆಂಚಿನ ಕೊನೆಗೆ ಕಳಿಸಿದೆ.

ಹುಡುಗಿ ಬಲಗಾಲು ಮಡಿಸಿಕೊಂಡು ಬೆವರುತ್ತಿದ್ದಳು. ತಾಯಿಗೆ ತಡೆಯಲಾಗಲಿಲ್ಲ. ಸಾಲು ದಾಟಿ ನುಗ್ಗಿ, "ಗೂಟ ಹೊಡ್ದಂಗದೆ ಸಾ, ನನ್ ಮಗ್ಳು ಉಳಿಯಾಕಿಲ್ಲ!" ಎಂದು ಡಾಕ್ಟರ ಕಾಲು ಹಿಡಿದಳು. ಡಾಕ್ಟರು ನನ್ನ ಚೀಟಿ ನೋಡಿ ನನ್ನನ್ನು ಕರೆದರು.

"ಈ ತಾಯಿ ನಿಮಗೆ ಏನು ಹೇಳಿದರು? ಅವರ ಮಾತಿನಲ್ಲೇ ಹೇಳಿ."

ತೊದಲುತ್ತಾ ಹೇಳಿದೆ.

"ಮೊದಲು ರಾಗಿಕಲ್ಲು, ಆಮೇಲೆ ಗೂಟ. ನೋವು ಎಲ್ಲಿ ಶುರುವಾಯ್ತು, ಎಲ್ಲಿಗೆ ಬಂದು ನಿಂತಿತು, ನಾನು ಕೇಳಬೇಕಾದ್ದಕ್ಕೆಲ್ಲ ಉತ್ತರ ಇದರಲ್ಲೇ ಇತ್ತಲ್ರೀ!" ಎಂದವರೇ ಹುಡುಗಿಯ ಹೊಟ್ಟೆ ಒತ್ತಿ ನೋಡಿದರು. ಅಪೆಂಡಿಕ್ಸು. ತಡವಾಗಿ ಅದು ಒಡೆದುಹೋದರೆ ಪ್ರಾಣಕ್ಕೇ ಅಪಾಯ. ಕೂಡಲೇ ಕಾರು ಮಾಡಿಸಿ, ಆಪರೇಷನ್ನಿಗೆಂದು ಹಾಸನಕ್ಕೆ ಕಳಿಸಿದರು.

ನನ್ನ ಮೈ ಜುಮ್ಮೆಂದಿತು. ಅರ್ಧ ಭಯಕ್ಕೆ, ಅರ್ಧ ಬೆರಗಿಗೆ. ಅಬ್ಬಾ, ಅಕ್ಷರ ಬಾರದ ಆ ತಾಯಿ ಮಗಳ ಹೊಟ್ಟೆಯೊಳಗನ್ನು ಎರಡೇ ಉಪಮೆಗಳಲ್ಲಿ ಕಣ್ಣಿಗೆ ಕಾಣಿಸಿದ್ದಳು! ನಾಲ್ಕೂ ಅಂಗ ಬಲ್ಲ ನಾನು, ಎದುರಿಗೇ ಬಂದು ನಿಂತ ಉಪಮೆಯನ್ನು ಗದರಿ ಬೆಂಚಿಗೆ ಕಳಿಸಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿದ್ದಾಳೆಯೇ?

ತಿಂಗಳ ಮೇಲೆ ಇಬ್ಬರೂ ಬಂದರು. ಹುಡುಗಿ ನಡೆದುಕೊಂಡೇ ಬಂದಳು. ನನ್ನ ಕಣ್ಣು ತುಂಬಿತು.

"ಈಗ ಹೇಗಿದೆ?" ಅಂದೆ.

"ಏನೂ ಇಲ್ಲ ಕಣಕ್ಕ" ಎಂದು ನಾಚಿದಳು.

ತಾಯಿ ಅವಳ ತೋಳು ತಿವಿದಳು. "ಸರ್ಯಾಗಿ ಯೋಳಮ್ಮಿ, ಅಕ್ಕಾರು ಬರ್ಕೋಬೇಕು."

"ಗೂಟ ಕಿತ್ತವ್ರೆ ಕಣಕ್ಕ. ಗುಂಡಿ ಇನ್ನೂ ಹಸಿಯಾಗೇ ಅದೆ."

ಒಂದಕ್ಷರ ಬಿಡದೆ ಬರೆದುಕೊಂಡೆ.