ನೈರುತ್ಯದ ಹಾಲಿನ ಕೋಣೆ

ಗುರುರಾಜನಿಗೆ ಮನೆ ಕಾಣುವುದಿಲ್ಲ, ದಿಕ್ಕು ಮಾತ್ರ ಕಾಣುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ಒಳ್ಳೆಯ ಹೆಸರಿರುವ ಈ ಮಹಾನುಭಾವ ಇಲ್ಲಿ ನ್ಯೂಜಿಲೆಂಡಿನಲ್ಲಿ ಹಿಲ್ಸ್‌ಬರೋ ಬಡಾವಣೆಯ ಬೆಚ್ಚಗಿನ ಮನೆ ಮಾರಿ ಪುಕೆಕೊಹೆ ಊರಿನಾಚೆ ಒಂದು ಹಳೆಯ ಫಾರ್ಮ್‌ಹೌಸ್ ಕೊಂಡ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಿಂದ ಬಂದ ರೈತ ಕುಟುಂಬವೊಂದು ತಮ್ಮೂರ ಮಾದರಿಯಲ್ಲೇ ಕಟ್ಟಿಕೊಂಡ ಮನೆ ಅದು: ಕಡಿದಾದ ಚಾವಣಿ, ಇಟ್ಟಿಗೆಯ ಚಿಮಣಿ, ಸಣ್ಣ ಗಾಜಿನ ಚೌಕಗಳ ಕಿಟಕಿ. ಆದರೆ ಅವರು ಕಣ್ಣು ಬಿಟ್ಟುಕೊಂಡು ಕಟ್ಟಿದರು. ಈ ದೇಶದಲ್ಲಿ ಬಿಸಿಲು ಬೀಳುವುದು ಉತ್ತರದಿಂದ ಎಂದು ತಿಳಿದು ಜಗಲಿಯನ್ನೂ ದೊಡ್ಡ ಕಿಟಕಿಗಳನ್ನೂ ಆ ಕಡೆಗೆ ಇಟ್ಟರು. ಬಿಸಿಲೇ ತಾಕದ ನೈರುತ್ಯ ಮೂಲೆಯಲ್ಲಿ ಕಲ್ಲು ಹಾಸಿ, ಹಾಲು ಬೆಣ್ಣೆ ಕೆಡದಂತೆ ಇಡಲು ಒಂದು ಕೋಣೆ ಮಾಡಿಕೊಂಡರು.

ನಮ್ಮ ಗುರುರಾಜ ಒಳಗೆ ಕಾಲಿಟ್ಟದ್ದೇ ಫೋನಿನಲ್ಲಿ ದಿಕ್ಸೂಚಿ ತೆರೆದು. ಮೈಸೂರಿನ ವಾಸ್ತು ಪಂಡಿತರೊಬ್ಬರು ವಿಡಿಯೊದಲ್ಲಿ ಅಪ್ಪಣೆ ಕೊಟ್ಟರು. ಅವರು ನ್ಯೂಜಿಲೆಂಡನ್ನು ಭೂಪಟದಲ್ಲಾದರೂ ನೋಡಿದ್ದರೋ ಇಲ್ಲವೋ. ಈಶಾನ್ಯದ ಬಿಸಿಲಿನ ಕೋಣೆ ದೇವರಿಗೆ ಹೋಯಿತು. ಬೆಂಕಿ ಆಗ್ನೇಯದಲ್ಲಷ್ಟೇ ಇರಬೇಕೆಂದು ನಡುಮನೆಯ ಅಗ್ಗಿಷ್ಟಿಕೆಯ ಬಾಯಿಗೆ ಇಟ್ಟಿಗೆ ಬಿತ್ತು. ನೈರುತ್ಯ ಯಜಮಾನನ ಮಲಗುವ ಕೋಣೆಯಾಯಿತು.

“ಅದು ಹಾಲಿಡ್ತಿದ್ದ ಕೋಣೆ ಕಣೋ, ಥಂಡಿ ಹೊಡೆಯುತ್ತೆ” ಎಂದು ಹಳೆಯ ಸ್ನೇಹದ ಸಲಿಗೆಯಿಂದ ನಾನು ಹೇಳಿದೆ.

“ಹಾಲಿದ್ದ ಜಾಗ ಅಂದ್ರೆ ಲಕ್ಷ್ಮಿ ಇದ್ದ ಜಾಗ. ಇನ್ನೇನು ಬೇಕು?” ಎಂದ. ಓದಿದ ಮೂರ್ಖನಿಗೆ ಉತ್ತರ ಯಾವಾಗಲೂ ಸಿದ್ಧವಿರುತ್ತದೆ.

ಅವನ ಹೆಂಡತಿ ವಿಜಯಶ್ರೀ ನರ್ಸ್. ಅವಳಿಗೆ ಉಬ್ಬಸ ಬೇರೆ. ಇಲ್ಲಿ ಚಳಿಗಾಲ ಬರುವುದು ಜೂನ್‌ನಲ್ಲಿ; ಅದು ಶುರುವಾದದ್ದೇ ಆ ಕೋಣೆಯ ಗೋಡೆಗಳು ಒದ್ದೆಯಾದವು, ದಿಂಬಿಗೆ ಬೂಷ್ಟು ಹಿಡಿಯಿತು. ಉಬ್ಬಸದ ಇನ್‌ಹೇಲರ್ ಪಂಪ್ ಎಳೆದುಕೊಳ್ಳದೆ ಅವಳು ಮಲಗುವಂತಿರಲಿಲ್ಲ.

“ರೀ, ಇಲ್ಲಿ ನಂಗೆ ಉಸಿರಾಡಕ್ಕೇ ಆಗ್ತಿಲ್ಲ.”

“ನೈರುತ್ಯ ಬಿಟ್ರೆ ಸಂಸಾರ ನಿಲ್ಲಲ್ಲ ಅಂತ ಪಂಡಿತರು ಹೇಳಿದ್ದಾರೆ. ಇನ್ನೊಂದು ಸ್ವೆಟರ್ ಹಾಕ್ಕೋ.”

ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ವಿಜಯಶ್ರೀ ಮಾತ್ರ ವಾದ ಬಿಟ್ಟಳು. ಒಂದು ಭಾನುವಾರ ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿ ಎರಡು ಪಾತ್ರೆಗೆ ಹಂಚಿ, ಒಂದನ್ನು ಮಂಚದ ಕೆಳಗೂ ಇನ್ನೊಂದನ್ನು ದೇವರ ಕೋಣೆಯ ಕಿಟಕಿಯಲ್ಲೂ ಇಟ್ಟಳು. ನಾನು ಅಂದು ಊಟಕ್ಕೆ ಹೋಗಿದ್ದೆ. ಸಂಜೆ ನೋಡಿದರೆ ಕಿಟಕಿಯದು ಗಟ್ಟಿ ಮೊಸರು, ಮಂಚದ ಕೆಳಗಿನದು ಇನ್ನೂ ಹಾಲು. ಎರಡನ್ನೂ ಗಂಡನ ಮುಂದಿಟ್ಟಳು.

“ಹಾಲೇ ಹೆಪ್ಪುಗಟ್ಟದ ಕಡೆ ನನ್ನ ಮಲಗಿಸ್ತೀರಲ್ಲ?”

ಗುರುರಾಜ ಪಾತ್ರೆ ಅಲುಗಿಸಿ ನೋಡಿ, “ಇದಕ್ಕೆ ಹೆಪ್ಪು ಕಮ್ಮಿ ಹಾಕಿದೀಯ” ಎಂದ.

ಅವಳು ಹಾಸಿಗೆ ಸುತ್ತಿಕೊಂಡು ದೇವರ ಕೋಣೆಗೆ ನಡೆದಳು. “ಅಲ್ಲಿ ಮಲಗಬಾರದು, ಮೈಲಿಗೆ!” ಎಂದು ಅವನು ಹಿಂದೆಯೇ ಓಡಿದ.

“ಹಾಗಾದ್ರೆ ದೇವರನ್ನ ನಿಮ್ಮ ನೈರುತ್ಯಕ್ಕೆ ಕರ್ಕೊಂಡು ಹೋಗಿ. ಅವರಿಗೇನು ಉಬ್ಬಸ ಇಲ್ಲ” ಎಂದಳು.

ದೇವರು ಅಲ್ಲಿಗೆ ಹೋಗುವಂತಿಲ್ಲ, ಅದೂ ಶಾಸ್ತ್ರವೇ. ಹಾಗಾಗಿ ದೇವರೂ ವಿಜಯಶ್ರೀಯೂ ಈಶಾನ್ಯದಲ್ಲಿ ಬೆಚ್ಚಗಿದ್ದಾರೆ; ಅವಳ ಪಂಪ್ ಈಗ ಬ್ಯಾಗಿನಿಂದ ಹೊರಬರುವುದೇ ಅಪರೂಪ. ಗುರುರಾಜ ಮಾತ್ರ ಕೋಟು, ಮಂಕಿ ಕ್ಯಾಪು ಏರಿಸಿಕೊಂಡು, ಸಂಸಾರ ನಿಲ್ಲಲೆಂದು, ನೈರುತ್ಯದಲ್ಲಿ ಒಬ್ಬನೇ ಮಲಗುತ್ತಾನೆ.