ಗುಣವತಿಯ ಮರ

ಮರಗಳಿಗೆ ಕಾಲಿದ್ದಿದ್ದರೆ, ತಾರಾನಾಥ ಶೆಟ್ರನ್ನು ಕಂಡ ಕೂಡಲೇ ಬಲ್ಮಠದ ಮರಗಳೆಲ್ಲ ಊರಾಚೆಯ ಬೈಕಂಪಾಡಿಗೆ ಓಡಿ ಗೋದಾಮುಗಳಲ್ಲಿ ಅಡಗುತ್ತಿದ್ದವು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರಿಗೆ ಯಾರಾದರೂ ಮರದ ಲ್ಯಾಟಿನ್ ಹೆಸರು ತಪ್ಪು ಹೇಳಿದರೆ ಜ್ವರ ಬರುತ್ತಿತ್ತು. ಮದುವೆಯೂಟದಲ್ಲಿ ಹಲಸಿನ ಪಾಯಸ ಬಂದರೆ, ಪಕ್ಕದವನಿಂದ ಹಲಸಿನ ಶಾಸ್ತ್ರೀಯ ಹೆಸರು ಸರಿಯಾಗಿ ಹೇಳಿಸದೆ ಅವನ ಕೈ ಎಲೆಗೆ ಇಳಿಯಲು ಬಿಡುತ್ತಿರಲಿಲ್ಲ. ಹಾಗೆ ಹಸಿದು ಎದ್ದುಹೋದವರನ್ನು ಸೇರಿಸಿದರೆ ಒಂದು ತಾಲೂಕು ಮಾಡಬಹುದಿತ್ತು.

ಅವರ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟಿನ ಕಾನೂನು ಉಂಟು. ಒಂದೇ ಮರಕ್ಕೆ ಇಬ್ಬರು ಹೆಸರಿಟ್ಟಿದ್ದರೆ, ಮೊದಲು ಅಚ್ಚಾದ ಹೆಸರೇ ಊರ್ಜಿತ. ಆಮೇಲಿನದು ಸತ್ತ ಹಾಗೆ. ಸಹೋದ್ಯೋಗಿ ಇಸಿದೋರ್ ಡಿಸೋಜರು ಘಟ್ಟದಲ್ಲಿ ಕಂಡ ಮರವೊಂದಕ್ಕೆ, ಕಾಮಾಲೆಯಲ್ಲಿ ತೀರಿಕೊಂಡ ಮಗಳು ಬೆನಿಟಾಳ ಹೆಸರಿಟ್ಟಿದ್ದರು. ಅದಕ್ಕೆ ಬೇರೆ ಯಾರೋ ಎಂದೋ ಹೆಸರಿಟ್ಟಾಗಿದೆ ಎಂದು ೧೯೭೪ರಲ್ಲಿ ತಾರಾನಾಥರು ಪತ್ತೆಮಾಡಿದರು. ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು ಹೇಳಿದರು:

"ಇಸಿದೋರ್, ನಿಮ್ಮ ಮಗಳು ಇನ್ನೊಂದು ಸಲ ಹೋದಳು ಮಾರಾಯ್ರೇ. ಎಂತ ಮಾಡುವುದು, ಕಾನೂನು."

ಇಸಿದೋರ್ ಚಹಾ ಮುಗಿಸಿ, ಲೋಟ ತೊಳೆದಿಟ್ಟು ಕ್ಲಾಸಿಗೆ ಹೋದರು.

ಮರುವರ್ಷ ತಾರಾನಾಥರಿಗೇ ಘಟ್ಟದಲ್ಲಿ ಹೊಸ ಮರವೊಂದು ಸಿಕ್ಕಿತು. ಅದಕ್ಕೆ ಹೆಂಡತಿಯ ಹೆಸರಿಟ್ಟರು. ಮದುವೆಯಾದಂದಿನಿಂದ ಗುಣವತಿಗೆ ಅವರು ಕೊಟ್ಟ ಉಡುಗೊರೆ ಅದೊಂದೇ. ಮಲ್ಲಿಗೆ ತಂದರೂ ಅದರ ಲ್ಯಾಟಿನ್ ವಿವರಿಸಿ ಮುಗಿಸುವುದರೊಳಗೆ ಬಾಡುತ್ತಿತ್ತು. ಸಸಿಯನ್ನು ಕಾಲೇಜಿನ ಅಂಗಳದಲ್ಲಿ ನೆಟ್ಟು ತಗಡಿನ ಬೋರ್ಡು ತೂಗಿಸಿದರು. ಮಕ್ಕಳಿಲ್ಲದ ಗುಣವತಿ, ಊರಿಂದ ಬಂದ ನೆಂಟರನ್ನು ದೇವಸ್ಥಾನಕ್ಕಿಂತ ಮೊದಲು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಸೆರಗಿನಿಂದ ಬೋರ್ಡು ಒರೆಸಿ, "ನಾನು ಹೋದ ಮೇಲೂ ಇದು ಇರ್ತದೆ" ಅನ್ನುತ್ತಿದ್ದಳು.

೧೯೮೪ರಲ್ಲಿ ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟವು; ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಆಸ್ಪತ್ರೆಗೆ ಕಿತ್ತಳೆ ಹಿಡಿದುಕೊಂಡು ಬಂದ ಇಸಿದೋರ್, ತಾರಾನಾಥರನ್ನು ಜಗಲಿಗೆ ಕರೆದರು.

"ಶೆಟ್ರೇ, ನಿಮ್ಮ ಮರಕ್ಕೆ ನೂರು ವರ್ಷ ಮೊದಲೇ ಒಬ್ಬ ಜರ್ಮನಿಯವ ಹೆಸರಿಟ್ಟಿದ್ದಾನೆ. ನನಗೆ ಗೊತ್ತಾಗಿ ಕೆಲವು ವರ್ಷ ಆಯಿತು. ಯಾರಿಗೂ ಹೇಳುವುದಿಲ್ಲ. ಗುಣವತಿಯವರು ಇರುವಷ್ಟು ದಿನ ಬೋರ್ಡು ಇರಲಿ."

ಬೈದಿದ್ದರೆ ತಾರಾನಾಥರು ನುಂಗಿಕೊಳ್ಳುತ್ತಿದ್ದರು. ಇಸಿದೋರರ ದಯೆ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಆ ಸಂಜೆಯೇ ಹಳೆಯ ಬೋರ್ಡು ಕಿತ್ತು, ಜರ್ಮನಿಯವನ ಹೆಸರನ್ನು ತಾವೇ ಬಣ್ಣದಲ್ಲಿ ಬರೆದು ತೂಗಿಸಿದರು.

ವಾರ ಕಳೆದು ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಗುಣವತಿ ಕಾಲೇಜಿನ ಬಳಿ ಬಾಡಿಗೆ ಕಾರು ನಿಲ್ಲಿಸಲು ಹೇಳಿದಳು. ಮರದ ಹತ್ತಿರ ಹೋಗಿ, ಸೆರಗಿನಿಂದ ಬೋರ್ಡು ಒರೆಸಿ ಓದಿದಳು.

"ಇದು ನನ್ನ ಹೆಸರಲ್ಲ."

"ನನಗಿಂತ ಮೊದಲು ಇನ್ನೊಬ್ಬ ಹೆಸರಿಟ್ಟಿದ್ದಾನೆ. ಮೊದಲಿನದೇ ನಿಲ್ಲುವುದು. ಕಾನೂನು."

"ನಾನು ಸಾಯುವವರೆಗೆ ಕಾಯಲಿಕ್ಕೆ ಆಗಲಿಲ್ಲವಾ ನಿಮಗೆ?"

"ತಪ್ಪು ತಪ್ಪೇ ಅಲ್ಲವಾ ಗುಣವತಿ."

ಅವಳು ಕಾರಿಗೆ ಬಂದು ಕೂತಳು. ಡ್ರೈವರನಿಗೆ ಹೇಳಿದಳು, "ಕಾರ್ಕಳದ ಕಡೆ ತಿರುಗಿಸು, ತಾಯಿಮನೆಗೆ." ಗಂಡನ ಕಡೆ ನೋಡದೆ ಹೇಳಿದಳು, "ನಿಮ್ಮ ಹೆಂಡತಿ ಆಗುವ ಮೊದಲು ನಾನು ಪಡುಮನೆಯವಳು. ಮೊದಲಿನದೇ ನಿಲ್ಲಲಿ."

ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಅವರ ಬಂಟ ಜಾತಿಯಲ್ಲಿ ಹೆಣ್ಣಿಗೆ ತಾಯಿಮನೆಯ ಬಾಗಿಲು ಎಂದೂ ಮುಚ್ಚುವುದಿಲ್ಲ. ಎರಡು ದಿನದಲ್ಲಿ ಸಿಟ್ಟಿಳಿದು ಬರುತ್ತಾಳೆಂದು ತಾರಾನಾಥರು ಕಾದರು. ಕರೆಯಲು ಹೋದಾಗ ಅವಳ ತಮ್ಮ ಚಿತ್ತರಂಜನ ಬೆಲ್ಲ ನೀರು ಕೊಟ್ಟ, ಹೊರಗಿನವರಿಗೆ ಕೊಡುವ ಹಾಗೆ. ಗುಣವತಿ ಒಳಗಿಂದ ಬರಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಅಲ್ಲೇ ತೀರಿಕೊಂಡಳು. ಚಿತೆಗೆ ಬೆಂಕಿ ಇಡುವಾಗ ತಾರಾನಾಥರು ನೆಂಟರ ಹಿಂದಿನ ಸಾಲಿನಲ್ಲಿ ನಿಂತಿದ್ದರು.

ಮರುದಿನ ಪೇಪರಿನಲ್ಲಿ ಚಿತ್ತರಂಜನ ಹಾಕಿಸಿದ ಮರಣದ ಸುದ್ದಿ ಬಂತು: ಪಡುಮನೆ ಗುಣವತಿ, ತಾಯಿಯ ಹೆಸರು, ಅಣ್ಣತಮ್ಮಂದಿರ ಹೆಸರು. ಗಂಡನ ಹೆಸರೇ ಇಲ್ಲ. ತಾರಾನಾಥರು ಕೆಂಪು ಪೆನ್ಸಿಲು ಹಿಡಿದು ಅದನ್ನು ಮತ್ತೆ ಮತ್ತೆ ಓದಿದರು. ತಿದ್ದಲಿಕ್ಕೆ ಏನೂ ಸಿಗಲಿಲ್ಲ.