ಸದ್ದಿಲ್ಲದ ಮೂರಕ್ಷರ

ಮುನಿರತ್ನಾ, ಆ ಫ್ರೆಂಚ್ ಪದವನ್ನು ನಿನಗೆ ತಪ್ಪಾಗಿ ಕಲಿಸಿದವಳು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ.

ಆಗ ನಾವಿಬ್ಬರೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಫ್ರೆಂಚ್ ಕಲಿಯಲು ಹೋಗುತ್ತಿದ್ದೆವು. ಆಂಡರ್ಸನ್‌ಪೇಟೆಯಲ್ಲಿ, ನನ್ನ ಮನೆಯ ಹತ್ತಿರದ ಶಾಲೆಗೆ ಒಬ್ಬ ಫ್ರೆಂಚ್ ಶಿಕ್ಷಕಿ ಬೇಕಾಗಿತ್ತು. ಇಬ್ಬರೂ ಅರ್ಜಿ ಹಾಕಿದ್ದೆವು. ಒಂದು ದಿನ ನೀನು, ನಿನ್ನೂರು ಕಾಮಸಮುದ್ರದಲ್ಲಿ ಮನೆಯ ಕೆಲಸವಿದೆ, ತರಗತಿಗೆ ಬರುವುದಿಲ್ಲ ಎಂದೆ. ಅದೇ ಬೆಳಿಗ್ಗೆ ಆ ಶಾಲೆಯ ಗೇಟಿನೊಳಗೆ ಹೋಗುತ್ತಿದ್ದ ನಿನ್ನನ್ನು ಕಂಡೆ. ಏಕೆ ಸುಳ್ಳು ಹೇಳಿದಳು? ಆ ಕೆಲಸಕ್ಕಾಗಿ ಒಳಗೆ ಯಾರನ್ನು ಹಿಡಿದಿದ್ದಾಳೆ? — ಇಡೀ ದಿನ ತಲೆಯಲ್ಲಿ ಇದೇ.

ಮರುದಿನ ರೈಲಿನಲ್ಲಿ ನೀನು ಪುಸ್ತಕ ತೆರೆದೆ. ‘ಅವರು ಮಾತಾಡುತ್ತಾರೆ’ ಎನ್ನುವ ಕ್ರಿಯಾಪದ.

“ಅಕ್ಕಾ, ಕೊನೇಲಿ ಇ-ಎನ್-ಟಿ ಐತಲ್ಲ, ಅದ್ನ ಅನ್ಬೇಕಾ, ಬಿಡ್ಬೇಕಾ?”

ಆ ಮೂರಕ್ಷರಕ್ಕೆ ಸದ್ದೇ ಇಲ್ಲ. ಬಾಯಲ್ಲಿ ಪದವೆಲ್ಲ ಒಂದೇ ತುಂಡು — ಪಾರ್ಲ್. ಹಿಂದಿನ ದಿನ, ನೀನು ಬಾರದ ತರಗತಿಯಲ್ಲಿ, ಮೇಡಂ ಅದನ್ನೇ ಹೇಳಿಕೊಟ್ಟಿದ್ದರು.

“ಅನ್ನಬೇಕು,” ಎಂದೆ. “ಎರಡು ತುಂಡು ಮಾಡು. ಪಾರ್ — ಲಾಂ.”

ಮಾಲೂರು ದಾಟುವವರೆಗೂ ನೀನು ಅದನ್ನೇ ಉರು ಹೊಡೆದೆ. ‘ಲಾಂ’ ಇನ್ನೂ ಸ್ಪಷ್ಟವಾಗಲಿ ಎಂದು ನಾನು ತಿದ್ದಿದೆ ಬೇರೆ...

ಅಂದಿನ ತರಗತಿಯಲ್ಲಿ ಆ ಪಾಠ ಮತ್ತೆ ಬರಲಿಲ್ಲ; ಮರುದಿನವೇ ಶಾಲೆಯಲ್ಲಿ ಸಂದರ್ಶನ, ನಿನ್ನನ್ನು ಮೊದಲು ಕರೆದರು. ಮುಖ ಬಾಡಿಸಿಕೊಂಡು ಹೊರಬಂದವಳು ಸೀದಾ ಬಂದು ನನ್ನ ಕೈ ಹಿಡಿದೆ.

“ಅಕ್ಕಾ, ನಾವಿಬ್ರೂ ತಪ್ಪು ಕಲ್ತಿದ್ದೀವಿ. ಆ ಕೊನೇದು ಅನ್ಬಾರ್ದಂತೆ. ಎಲ್ಲಾ ಪದದಾಗೂ ಅಂಗೇ ಅಂದ್ಬುಟ್ಟೆ, ನಗಾಡಿದ್ರು. ನೀನು ಒಳಗೋಗಿ ಅಂಗನ್ಬೇಡ.”

“ಹೌದಾ?” ಎಂದೆ. ಅಷ್ಟೇ. ಅದು ನನ್ನ ಎರಡನೆಯ ಸುಳ್ಳು.

ಕೆಲಸ ನನಗೆ ಸಿಕ್ಕಿತು. ನೀನು ಮತ್ತೆ ಫ್ರೆಂಚ್ ಮುಟ್ಟಲಿಲ್ಲ. ಶಾಲೆಗೆ ಸೇರಿದ ಮೇಲೆ ಅಲ್ಲಿನ ಆಯಾ ಒಮ್ಮೆ ಮಾತಿಗೆ ಹೇಳಿದಳು — ನೀನು ಅಂದು ಬಂದದ್ದು ನಿನ್ನ ಒಡಹುಟ್ಟಿದ ಅಕ್ಕನ ಮಗಳಿಗೆ ಸೀಟು ಕೇಳಲು. ಗಂಡ ಬಿಟ್ಟ ಅಕ್ಕ. ಅದನ್ನು ನನ್ನೆದುರು ಹೇಳಲು ನಿನಗೆ ಸಂಕೋಚವಾಗಿತ್ತೇನೋ.

ಈಗಲೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕರೆ ನಗುತ್ತೀಯ. ಆ ನಗುವನ್ನೂ ನಾನು ನಂಬುವುದಿಲ್ಲ. ನಿನಗೆ ಎಲ್ಲ ಗೊತ್ತಿತ್ತೇ? ಗೊತ್ತಿದ್ದೂ ನನ್ನನ್ನು ಎಚ್ಚರಿಸಿದೆಯಾ? — ನೋಡು, ತಪ್ಪು ನನ್ನದು, ಅನುಮಾನ ಇನ್ನೂ ನಿನ್ನ ಮೇಲೆಯೇ.

ಈ ಭಾನುವಾರ ಕಾಮಸಮುದ್ರಕ್ಕೆ ಬರುತ್ತೇನೆ. ಕೂತುಕೋ ಎನ್ನಬೇಡ, ಕಾಫಿಗೆ ನೀರಿಡಬೇಡ. ಮೊದಲು ನಾನು ಬಾಗಿಲಲ್ಲಿ ನಿಂತೇ ಇದನ್ನೆಲ್ಲ ಹೇಳಬೇಕು.